ಮಗುಚಿ ನೋಡಬೇಕಾದ ತಟ್ಟೆಗಳು

ಸಕಲೇಶಪುರ ಸೀಮೆಯಲ್ಲಿ ಬಿಳಿಯ ದೊರೆಗಳ ಕಾಫಿ ತೋಟಗಳು ಒಂದೊಂದಾಗಿ ನಮ್ಮವರ ಕೈಗೆ ಬಂದಾಗ ಎಕರೆಗೆ, ಪಲ್ಪರಿಗೆ, ಕಣಕ್ಕೆ, ಲೈನ್ ಮನೆಗಳಿಗೆ ಬೆಲೆ ಕಟ್ಟಲಾಯಿತು. ಬಂಗಲೆಯ ಊಟದ ಕೋಣೆಯ ಗಾಜಿನ ಬೀರುವಿನಲ್ಲಿದ್ದ ತಟ್ಟೆ, ಬೋಗುಣಿ, ಕಪ್ಪು ಸಾಸರುಗಳು ಮಾತ್ರ ಮೇಜು ಕುರ್ಚಿಗಳ ಜೊತೆಗೆ ಸುಮ್ಮನೆ ಬಂದವು. ಹಾನುಬಾಳು, ಹೆತ್ತೂರು, ಯಸಳೂರು ಕಡೆಯ ಹಳೆಯ ತೋಟದ ಮನೆಗಳಲ್ಲಿ ಅವು ಈಗಲೂ ಅಲ್ಲಲ್ಲಿ ಇವೆ. ಕೆಲವರು ನೆಂಟರು ಬಂದಾಗ ಹೊರಗೆ ತೆಗೆಯುತ್ತಾರೆ. ಕೆಲವರು ಒಡೆದುಹೋದೀತೆಂದು ಮುಟ್ಟುವುದೇ ಇಲ್ಲ. ಅಟ್ಟದ ಮೇಲೆ ಹುಲ್ಲಿನ ನಡುವೆ ಮರೆತುಹೋದವೂ ಇವೆ. ಇವು ಯಾವ ಕಾಲದವು, ಯಾವುದರಿಂದ ಮಾಡಿದವು, ಇವುಗಳಲ್ಲಿ ಉಣ್ಣಬಹುದೇ, ಮಾರಬಹುದೇ ಎಂಬ ಪ್ರಶ್ನೆಗಳಿಗೆ ಅರ್ಧ ಉತ್ತರ ತಟ್ಟೆಯ ತಳದಲ್ಲೇ ಇರುತ್ತದೆ. ಇನ್ನರ್ಧವನ್ನು ಕಾಫಿಯ ಚರಿತ್ರೆಯಲ್ಲಿ ಹುಡುಕಬೇಕು.

ಸಕಲೇಶಪುರ ಸೀಮೆಯ ಮಂಜರಾಬಾದ್ ದಕ್ಷಿಣದಲ್ಲಿ ಗ್ರೀನ್ ಎಂಬ ಯುರೋಪಿಯನ್ ಪ್ಲಾಂಟರ್ ತೋಟ ತೆರೆದದ್ದು 1843ರಲ್ಲಿ. ಅದಕ್ಕೂ ಮೊದಲು ಚಿಕ್ಕಮಗಳೂರಿನ ಹತ್ತಿರ ಕ್ಯಾನನ್ ಎಂಬಾತ ಕಾಫಿ ಹಾಕಿ ಗೆದ್ದಿದ್ದ. ಆ ಗೆಲುವು ಕಂಡವರು ಒಬ್ಬರ ಹಿಂದೊಬ್ಬರು ಬಂದರು. ಅವರಲ್ಲಿ ಹೆಚ್ಚು ಬರೆದಿಟ್ಟವನು ಮಂಜರಾಬಾದಿನಲ್ಲಿ ತೋಟವಿದ್ದ ರಾಬರ್ಟ್ ಎಲಿಯಟ್. ಚಿನ್ನ, ಬೇಟೆ, ಕಾಫಿ ಮೂರನ್ನೂ ಸೇರಿಸಿ ಆತ 1894ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಮೈಸೂರು ಸೀಮೆಯ 38 ವರ್ಷಗಳ ತೋಟಗಾರಿಕೆಯ ಅನುಭವವೇ ಬಂಡವಾಳ. ಅದರ ಹಿಂದಿನ ವರ್ಷ, 1893ರಲ್ಲಿ, ಸಕಲೇಶಪುರದಲ್ಲಿ ಪ್ಲಾಂಟರುಗಳ ಮಂಜರಾಬಾದ್ ಕ್ಲಬ್ ಶುರುವಾಗಿತ್ತು. ಮೊದಲ ತಲೆಮಾರಿನ ಪ್ಲಾಂಟರುಗಳು ಹೆಚ್ಚಾಗಿ ಒಂಟಿ ಗಂಡಸರು, ಹುಲ್ಲು ಹೊದಿಸಿದ ಮನೆಯವರು. ಹೆಂಚಿನ ಬಂಗಲೆ ಎದ್ದು, ಹೆಂಡತಿ ಮಕ್ಕಳು ಬಂದು, ಭಾನುವಾರ ಹತ್ತು ಮೈಲಿ ದೂರದ ನೆರೆಯವರು ಕುದುರೆ ಏರಿ ಊಟಕ್ಕೆ ಬರುವ ರೂಢಿಯಾದ ಮೇಲೆ ಪೂರ್ತಿ ಡಿನ್ನರ್ ಸೆಟ್ಟು ಬೇಕಾಯಿತು.

ಅದು ಇಲ್ಲಿಗೆ ಬಂದ ದಾರಿ ಕಾಫಿ ಹೋದ ದಾರಿಯೇ. ಕಾಫಿ ಬೀಜದ ಮೂಟೆ ಎತ್ತಿನ ಗಾಡಿಯಲ್ಲಿ ಘಾಟಿ ಇಳಿದು ಮಂಗಳೂರಿನ ಕ್ಯೂರಿಂಗ್ ಕೆಲಸದ ಮನೆ ಸೇರಿ, ಅಲ್ಲಿಂದ ಹಡಗು ಹತ್ತುತ್ತಿತ್ತು. ಆ ಕಡೆಯಿಂದ ಬರುವ ಹಡಗು ಕಬ್ಬಿಣದ ಸಾಮಾನು, ಬಟ್ಟೆ, ಔಷಧಿ, ಮದ್ಯದ ಜೊತೆಗೆ ಪಿಂಗಾಣಿಯನ್ನೂ ತರುತ್ತಿತ್ತು. ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ತಟ್ಟೆಗಳನ್ನು ಒಣಹುಲ್ಲು ಸುತ್ತಿ ಮರದ ಪೆಟ್ಟಿಗೆಗೆ, ಪೀಪಾಯಿಗೆ ತುಂಬುತ್ತಿದ್ದರು. ಲಂಡನ್ನಿನ ಆರ್ಮಿ ಅಂಡ್ ನೇವಿ ಸ್ಟೋರ್ಸ್ 1890ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ಅಂಗಡಿ ತೆರೆದ ಮೇಲೆ ದಪ್ಪ ಕ್ಯಾಟಲಾಗು ನೋಡಿ ಕಾಗದ ಬರೆದು ತರಿಸುವುದು ಸುಲಭವಾಯಿತು. ಮದರಾಸಿನ ಸ್ಪೆನ್ಸರ್ಸ್ ಅದಕ್ಕೂ ಹಿಂದಿನದು. ಸಕಲೇಶಪುರದಿಂದ ಮಂಗಳೂರಿಗೆ ರೈಲು ದಾರಿ ಪೂರ್ತಿಯಾದದ್ದು 1979ರಲ್ಲಿ. ಆದ್ದರಿಂದ ಈ ಬೆಟ್ಟಗಳ ಬೀರುಗಳಲ್ಲಿರುವ ವಿಕ್ಟೋರಿಯಾ ಕಾಲದ ಒಂದೊಂದು ಸೂಪ್ ಬೋಗುಣಿಯೂ ಎಲ್ಲೋ ಒಂದು ಕಡೆ ಎತ್ತಿನ ಗಾಡಿಯಲ್ಲಿ ಕುಲುಕಿಕೊಂಡು ಬಂದದ್ದೇ. ಒಡೆಯದೆ ಉಳಿದದ್ದು ಪ್ಯಾಕಿಂಗ್ ಮಾಡಿದವರ ಕೈಗುಣ.

ಹಳೆಯ ಪೂರ್ಣ ಸೆಟ್ಟೊಂದರ ವಿಸ್ತಾರ ಈಗಿನ ಮನೆಗಳಿಗೆ ಅಚ್ಚರಿ ಹುಟ್ಟಿಸುವಂಥದ್ದು. ಊಟದ ತಟ್ಟೆ, ಸೂಪಿನ ಆಳದ ತಟ್ಟೆ, ಹಣ್ಣಿನ ಸಣ್ಣ ತಟ್ಟೆ ತಲಾ ಹನ್ನೆರಡೋ ಇಪ್ಪತ್ನಾಲ್ಕೋ. ಮುಚ್ಚಳವಿರುವ ತರಕಾರಿ ಬೋಗುಣಿ, ಸೂಪಿನ ದೊಡ್ಡ ಪಾತ್ರೆ, ಗೊಜ್ಜಿನ ಗಿಂಡಿಗಳು, ಮಾಂಸ ಬಡಿಸುವ ಅಂಡಾಕಾರದ ಹರಿವಾಣ. ಆ ಹರಿವಾಣಗಳಲ್ಲಿ ಕೆಲವಕ್ಕೆ ರಸ ಹರಿದು ಒಂದು ತುದಿಯ ಗುಳಿಯಲ್ಲಿ ಸೇರುವಂತೆ ಮರದ ಕೊಂಬೆಯಾಕಾರದ ಕಾಲುವೆ ಕೊರೆದಿರುತ್ತದೆ. ಬಿಸಿನೀರಿನ ತಟ್ಟೆ ಎಂಬುದೊಂದಿತ್ತು: ಎರಡು ಪದರದ ದಪ್ಪ ತಟ್ಟೆ, ಅಂಚಿನಲ್ಲಿ ಸಣ್ಣ ಮೂತಿ. ಮೂತಿಯಿಂದ ಬಿಸಿನೀರು ತುಂಬಿದರೆ ಮೇಲಿನ ಊಟ ತಣ್ಣಗಾಗದು. ಅಡಿಗೆಮನೆ ಬಂಗಲೆಯಿಂದ ದೂರದಲ್ಲಿ ಬೇರೆಯಾಗಿ ಇರುತ್ತಿದ್ದ, ಆಷಾಢದ ಮಳೆಯಲ್ಲಿ ಬಟ್ಲರ್ ಅನ್ನವನ್ನು ಅಂಗಳ ದಾಟಿಸಿ ತರಬೇಕಿದ್ದ ಮನೆಗೆ ಇದಕ್ಕಿಂತ ಒಪ್ಪುವ ಪಾತ್ರೆ ಇರಲಾರದು. ಅಂಚಿನಲ್ಲಿ ರಂಧ್ರವಿದೆಯೆಂದು ಇಂಥದ್ದನ್ನು ಕೆಟ್ಟ ತಟ್ಟೆ ಎಂದುಕೊಂಡು ಎಸೆದರೆ ಅಪರೂಪದ ವಸ್ತುವೊಂದು ಹೋಯಿತೆಂದೇ ಲೆಕ್ಕ.

ಮನೆಮಾತಿನಲ್ಲಿ ಎಲ್ಲವೂ ಪಿಂಗಾಣಿಯೇ. ಸಂಗ್ರಹಿಸುವವರು ಮಾತ್ರ ಮೊದಲು ಕಲಿಯಬೇಕಾದದ್ದು ಮಣ್ಣಿನ ವ್ಯತ್ಯಾಸ. ನಿಜವಾದ ಪಿಂಗಾಣಿ ಗಾಜಿನ ಹಾಗೆ ಬೆಸೆದುಕೊಂಡ ಮಣ್ಣು. ಮೆರುಗು ಹೋದ ಜಾಗದಲ್ಲೂ ನೀರು ಹೀರುವುದಿಲ್ಲ. ತೆಳುವಾದ ತಟ್ಟೆಯನ್ನು ಬೆಳಕಿಗೆ ಹಿಡಿದು ಹಿಂದೆ ಬೆರಳಾಡಿಸಿದರೆ ಬೆರಳಿನ ನೆರಳು ಕಾಣುತ್ತದೆ. ಉಗುರಿನಿಂದ ಅಂಚನ್ನು ತಟ್ಟಿದರೆ ಗಂಟೆಯ ನಾದ ಬರುತ್ತದೆ, ಬಿರುಕಿದ್ದರೆ ಮೊದ್ದು ಶಬ್ದ. ನಮ್ಮ ಹಳೆಯ ಬಂಗಲೆಗಳಲ್ಲಿ ಸಿಗುವ ನೀಲಿ-ಬಿಳಿ ಚಿತ್ರದ ದಪ್ಪ ತಟ್ಟೆಗಳಲ್ಲಿ ಬಹುಪಾಲು ಈ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ಅವು ಮೆರುಗು ಹಾಕಿದ ಬಿಳಿ ಮಣ್ಣಿನ ತಟ್ಟೆಗಳು. ಅದರಿಂದ ಅವುಗಳ ಗೌರವ ಕಡಿಮೆಯಾಗುವುದಿಲ್ಲ, ಆದರೆ ನಡೆಸಿಕೊಳ್ಳುವ ರೀತಿ ಬದಲಾಗುತ್ತದೆ. ಮಲೆನಾಡಿನ ಥಂಡಿಗೆ ಪಿಂಗಾಣಿ ಹೆದರದು. ಮೆರುಗು ಸೀಳುಬಿಟ್ಟ ಮಣ್ಣಿನ ತಟ್ಟೆಗೆ ತೇವ ಇಳಿಯುತ್ತದೆ, ಹಿಂದೆಯೇ ಎಣ್ಣೆ ಮತ್ತು ಕಾಫಿಯ ಕಂದು ಕಲೆ ಇಳಿಯುತ್ತದೆ.

ಪಿಂಗಾಣಿಯ ಗುಟ್ಟು ಬಹುಕಾಲ ಚೀನಾದವರ ಬಳಿ ಮಾತ್ರ ಇತ್ತು. ಯುರೋಪಿನಲ್ಲಿ ಅದನ್ನು ಬಿಡಿಸಿದ್ದು ಜರ್ಮನಿಯ ಮೈಸನ್. ಕಾರ್ಖಾನೆ ಶುರುವಾದದ್ದು 1710ರಲ್ಲಿ. ಇಂಗ್ಲಿಷರು ತಡವಾಗಿ ಇಳಿದರು. ಲಂಡನ್ನಿನ ಚೆಲ್ಸಿ, ಬೋ ಕಾರ್ಖಾನೆಗಳು 1740ರ ದಶಕದವು, ವೂಸ್ಟರ್ 1751ರದ್ದು. ಪ್ಲಿಮತ್ತಿನ ಔಷಧಿ ವ್ಯಾಪಾರಿ ವಿಲಿಯಂ ಕುಕ್‌ವರ್ದಿ ಕಾರ್ನ್‌ವಾಲಿನಲ್ಲಿ ಚೀನೀ ಜೇಡಿಯಂಥ ಬಿಳಿ ಮಣ್ಣನ್ನು ಪತ್ತೆಮಾಡಿ 1768ರಲ್ಲಿ ಪೇಟೆಂಟ್ ಪಡೆದ. ಇಂಗ್ಲಿಷರ ಸ್ವಂತದ್ದೆನ್ನಬಹುದಾದ ದಾರಿ ತೆರೆದದ್ದು ಬೋ ಕಾರ್ಖಾನೆಯವರು ಮಣ್ಣಿಗೆ ಮೂಳೆಯ ಬೂದಿ ಬೆರೆಸಿದಾಗ. ಸ್ಟೋಕ್ ಊರಿನ ಜೊಸಾಯ ಸ್ಪೋಡ್ ಮತ್ತು ಆತನ ಮಗ 1790ರ ದಶಕದಲ್ಲಿ ಅದನ್ನು ಹದಗೊಳಿಸಿ, ಸರಿಸುಮಾರು ಅರ್ಧ ಪಾಲು ಮೂಳೆ ಬೂದಿ, ಕಾಲು ಪಾಲು ಬಿಳಿ ಜೇಡಿ, ಕಾಲು ಪಾಲು ಕಾರ್ನ್‌ವಾಲಿನ ಕಲ್ಲು ಎಂಬ ಪಾಕ ನಿಲ್ಲಿಸಿದರು. ಬೋನ್ ಚೈನಾ ಹುಟ್ಟಿದ್ದು ಹಾಗೆ. ಹಾಲಿನ ಕೆನೆಯಂಥ ಬಿಳುಪು, ತೆಳುವಿದ್ದೂ ಗಟ್ಟಿತನ, ಎರಡೂ ಆ ಬೂದಿಯ ಕೊಡುಗೆ.

ಆ ಮೂಳೆ ದನದ್ದು. ಸಸ್ಯಾಹಾರಿ ಮನೆಗಳಿಗೆ ಇದು ಸಣ್ಣ ವಿಷಯವಲ್ಲ, ಮುಚ್ಚಿಡುವುದೂ ಸರಿಯಲ್ಲ. ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖ ದಾಟಿದ ಮೇಲೆ ಉಳಿಯುವುದು ಖನಿಜ ಮಾತ್ರ ಎಂದು ರಸಾಯನಶಾಸ್ತ್ರ ಹೇಳುತ್ತದೆ. ಮನಸ್ಸು ಒಪ್ಪದವರಿಗೆ ಬೇರೆ ದಾರಿಗಳಿವೆ. ಚೀನಾದ, ಜರ್ಮನಿಯ, ಫ್ರಾನ್ಸಿನ ಲಿಮೋಜ್‌ನ ಗಟ್ಟಿ ಪಿಂಗಾಣಿಯಲ್ಲಿ ಮೂಳೆ ಇರುವುದಿಲ್ಲ. ಇಂಗ್ಲೆಂಡಿನ ಮಣ್ಣಿನ ತಟ್ಟೆಗಳಲ್ಲೂ ಇರುವುದಿಲ್ಲ. ವೆಜ್‌ವುಡ್‌ನ ಕೆನೆಬಣ್ಣದ ತಟ್ಟೆಗಳು ಅವುಗಳಲ್ಲಿ ಪ್ರಸಿದ್ಧ. 1765ರಲ್ಲಿ ರಾಣಿ ಶಾರ್ಲಟ್ ತರಿಸಿಕೊಂಡ ಮೇಲೆ ಅವಕ್ಕೆ ರಾಣಿಯ ಹೆಸರೇ ನಿಂತಿತು. ಕನ್ನಡನಾಡಿಗೂ ತನ್ನದೇ ಪಿಂಗಾಣಿ ಕಾರ್ಖಾನೆ ಇತ್ತು. ಬೆಂಗಳೂರಿನಲ್ಲಿ ಮೈಸೂರು ಸರ್ಕಾರ ಕಟ್ಟಿದ, ಮುಂದೆ ಬಿಎಚ್‌ಇಎಲ್ ಪಾಲಾದ ಆ ಕಾರ್ಖಾನೆಯ ಹೆಸರು ಉಳಿದದ್ದು ಊಟದ ತಟ್ಟೆಯಿಂದಲ್ಲ, ವಿದ್ಯುತ್ ತಂತಿಯ ಇನ್ಸುಲೇಟರಿನಿಂದ.

ನೀಲಿ ಚಿತ್ರದ ತಟ್ಟೆಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ನಾಡಿಗೂ ಅವಕ್ಕೂ ನೇರ ನಂಟಿದೆ. ಆ ಚಿತ್ರಗಳನ್ನು ಯಾರೂ ಕುಂಚದಲ್ಲಿ ಬರೆದಿಲ್ಲ. ತಾಮ್ರದ ಹಲಗೆಯ ಮೇಲೆ ಕೆತ್ತಿ, ಬಣ್ಣ ತುಂಬಿ, ತೆಳು ಕಾಗದಕ್ಕೆ ಅಚ್ಚೊತ್ತಿ, ಆ ಕಾಗದವನ್ನು ಒಮ್ಮೆ ಸುಟ್ಟ ತಟ್ಟೆಯ ಮೇಲೆ ಒತ್ತಿ ಅಂಟಿಸಿ, ಬಳಿಕ ನೀರಿನಲ್ಲಿ ಕಾಗದ ತೊಳೆದು ತೆಗೆಯುತ್ತಿದ್ದರು. ಮೇಲೆ ಮೆರುಗು ಹಾಕಿ ಮತ್ತೆ ಸುಡುವುದು. ಆ ಶಾಖಕ್ಕೆ ಕರಗಿ ಹಾಳಾಗದ ಬಣ್ಣ ಮೊದಮೊದಲು ಕೋಬಾಲ್ಟಿನ ನೀಲಿಯೊಂದೇ ಆಗಿತ್ತು. ಹಸಿರು, ಕಂದು, ಗುಲಾಬಿ ಅಚ್ಚುಗಳು 1820ರ ದಶಕದ ನಂತರ ಹೆಚ್ಚಿದವು. ತಟ್ಟೆಯ ಅಂಚಿನ ಬಳ್ಳಿಯನ್ನು ಬೆರಳಿಟ್ಟು ಸುತ್ತುತ್ತಾ ಹೋದರೆ ಒಂದು ಕಡೆ ಎಲೆ ಎಲೆಗೆ ಕೂಡದೆ ತುಂಡಾಗಿರುವುದು ಕಾಣುತ್ತದೆ. ಕಾಗದದ ಎರಡು ತುದಿ ಸೇರಿದ ಜಾಗ ಅದು. ಅದನ್ನು ಹಚ್ಚಿದ ಕೈಗಳಲ್ಲಿ ಹೆಂಗಸರದ್ದೂ ಎಳೆಯ ಹುಡುಗಿಯರದ್ದೂ ಬಹಳ.

ಎರಡು ಹಕ್ಕಿ, ಸೇತುವೆಯ ಮೇಲೆ ಮೂವರು, ಬಾಗಿದ ವಿಲೋ ಮರ ಇರುವ ತಟ್ಟೆ ಎಲ್ಲರಿಗೂ ಗೊತ್ತು. ಅದು 1790ರ ಸುಮಾರಿಗೆ ಇಂಗ್ಲೆಂಡಿನಲ್ಲೇ ಹುಟ್ಟಿದ ಚೀನೀ ನೋಟ. ಅದಕ್ಕೆ ಅಂಟಿಸಿದ ಪ್ರೇಮಕಥೆಯೂ ಅಲ್ಲಿಯದೇ. ಇನ್ನೂ ವಿಚಿತ್ರವಾದದ್ದು ಸ್ಪೋಡ್ ಕಾರ್ಖಾನೆ 1815ರ ಸುಮಾರಿಗೆ ತಂದ ಭಾರತದ ಬೇಟೆಯ ಸರಣಿ. ಬಂಗಾಳದ ಸೇನೆಯಲ್ಲಿದ್ದ ಕ್ಯಾಪ್ಟನ್ ಥಾಮಸ್ ವಿಲಿಯಮ್‌ಸನ್ ಬರೆದು 1807ರಲ್ಲಿ ಹೊರಬಂದ ಬೇಟೆಯ ಪುಸ್ತಕದ ಚಿತ್ರಗಳೇ ಅದಕ್ಕೆ ಮೂಲ. ಒಂದೊಂದು ಪಾತ್ರೆಗೆ ಒಂದೊಂದು ದೃಶ್ಯ: ಊಟದ ತಟ್ಟೆಗೆ ಕರಡಿಯ ಸಾವು, ಸೂಪಿನ ತಟ್ಟೆಗೆ ತೋಳದ ಬೆನ್ನಟ್ಟುವಿಕೆ, ದೊಡ್ಡ ಹರಿವಾಣಗಳಿಗೆ ಮರವೇರಿದ ಚಿರತೆ, ಕಾಡೆಮ್ಮೆ. ಪುಸ್ತಕಕ್ಕೆ ಚಿತ್ರ ಸಿದ್ಧಪಡಿಸಿದ ಸ್ಯಾಮ್ಯುಯಲ್ ಹಾವಿಟ್ ಭಾರತಕ್ಕೆ ಬಂದವನೇ ಅಲ್ಲ. ಕ್ಯಾಪ್ಟನ್ ಕೊಟ್ಟ ಗೀಟುಚಿತ್ರಗಳನ್ನು ನೋಡಿಕೊಂಡು ಬರೆದ. ಆನೆ, ಕಾಟಿ, ಚಿರತೆಗಳ ನಡುವೆಯೇ ಬದುಕುವ ಹಾನುಬಾಳಿನವರು ಆ ತಟ್ಟೆಗಳನ್ನು ನೋಡಿದರೆ ಪ್ರಾಣಿಗಳ ಮೈಕಟ್ಟಿನಲ್ಲಿ ತಪ್ಪು ಹುಡುಕಿಯಾರು. ಹಾಗಿದ್ದೂ ಎರಡು ಶತಮಾನದ ಹಿಂದೆ ಇಂಗ್ಲೆಂಡಿನ ಸಾಮಾನ್ಯ ಗೃಹಸ್ಥನೊಬ್ಬ ಆಲೂಗಡ್ಡೆ ತಿನ್ನುತ್ತಾ ನಮ್ಮ ನೆಲವನ್ನು ಹೀಗೆ ಕಲ್ಪಿಸಿಕೊಂಡ ಎಂಬುದಕ್ಕೆ ಅವು ಸಾಕ್ಷಿ. ಸಂಗ್ರಾಹಕರ ನಡುವೆ ಅವಕ್ಕೆ ಒಳ್ಳೆಯ ಬೆಲೆಯೂ ಇದೆ.

ಇನ್ನು ತಟ್ಟೆ ಮಗುಚೋಣ.

ತಳದ ಮುದ್ರೆ ಓದಲು ಭೂತಗನ್ನಡಿಯೊಂದಿದ್ದರೆ ಸಾಕು. ವಜ್ರಾಕಾರದ ಸಣ್ಣ ಗುರುತಿನೊಳಗೆ ಅಕ್ಷರ, ಅಂಕಿಗಳಿದ್ದರೆ ಆ ವಿನ್ಯಾಸ 1842ರಿಂದ 1883ರ ನಡುವೆ ಬ್ರಿಟನ್ನಿನಲ್ಲಿ ನೋಂದಣಿಯಾದದ್ದು. ಯಾವ ವರ್ಷ, ಯಾವ ತಿಂಗಳು, ಯಾವ ದಿನ ಎಂಬುದನ್ನೂ ಆ ಅಕ್ಷರಗಳಿಂದ ಬಿಡಿಸಬಹುದು. 1884ರಿಂದ ವಜ್ರ ಹೋಗಿ ಬರೀ ನೋಂದಣಿ ಸಂಖ್ಯೆ ಬಂತು. ‘ಇಂಗ್ಲೆಂಡ್’ ಎಂಬ ಪದ ಮುದ್ರೆಯಲ್ಲಿದ್ದರೆ ಸಾಮಾನ್ಯವಾಗಿ 1891ರ ನಂತರದ ಮಾಲು, ಏಕೆಂದರೆ ಆಮದು ವಸ್ತುವಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ ಆಗ ಕಾನೂನು ತಂದಿತು. ‘ಮೇಡ್ ಇನ್ ಇಂಗ್ಲೆಂಡ್’ ಎಂದು ಪೂರ್ತಿ ಬರೆದದ್ದು ಹೆಚ್ಚಾಗಿ ಇಪ್ಪತ್ತನೆಯ ಶತಮಾನದ್ದು. ಡರ್ಬಿ ಕಾರ್ಖಾನೆಗೆ ‘ರಾಯಲ್ ಕ್ರೌನ್’ ಎಂಬ ಬಿರುದು 1890ರಲ್ಲಿ ಬಂತು, ಡೌಲ್ಟನ್‌ಗೆ ‘ರಾಯಲ್’ 1901ರಲ್ಲಿ. ಈ ಹೆಸರಿರುವ ತಟ್ಟೆಯನ್ನು ಅದಕ್ಕಿಂತ ಹಿಂದಿನದೆಂದು ಯಾರಾದರೂ ಮಾರಲು ಬಂದರೆ ನಂಬಬೇಕಾಗಿಲ್ಲ. ರಾಯಲ್ ವೂಸ್ಟರಿನವರು 1892ರಿಂದ ಮುದ್ರೆಯ ಪಕ್ಕ ವರ್ಷಕ್ಕೊಂದು ಚುಕ್ಕೆ ಸೇರಿಸುತ್ತಾ ಹೋದರು. ಚುಕ್ಕೆ ಎಣಿಸಿದರೆ ವರ್ಷ ಸಿಗುತ್ತದೆ. ವೆಜ್‌ವುಡ್ 1860ರಿಂದ ಮೂರಕ್ಷರದ ಗುಟ್ಟುಮುದ್ರೆಯನ್ನು ಹಸಿಮಣ್ಣಿಗೇ ಒತ್ತುತ್ತಿತ್ತು.

ಸಿಂಹ ಮತ್ತು ಒಂಟಿಕೊಂಬಿನ ಕುದುರೆಯ ಲಾಂಛನ ಕಂಡು ಇದು ಅರಮನೆಯದೆಂದು ಬೀಗುವವರಿದ್ದಾರೆ. ಹತ್ತಾರು ಕಾರ್ಖಾನೆಗಳು ಆ ಲಾಂಛನವನ್ನು ಅಲಂಕಾರಕ್ಕೆ ಹಾಕಿಕೊಂಡಿದ್ದವು. ಹೆಸರಿನ ಮೋಸವೂ ಹೊಸದಲ್ಲ. ಸ್ಟಾಕ್‌ಟನ್ನಿನ ವಿಲಿಯಂ ಸ್ಮಿತ್ ಕಂಪನಿ ವೆಜ್‌ವುಡ್ ಹೆಸರಿನ ನಡುವೆ ಒಂದು ಅಕ್ಷರ ಹೆಚ್ಚಿಗೆ ಸೇರಿಸಿ ತನ್ನ ತಟ್ಟೆಗಳಿಗೆ ಒತ್ತುತ್ತಿತ್ತು. 1848ರಲ್ಲಿ ನ್ಯಾಯಾಲಯ ಅದನ್ನು ತಡೆಯಿತು. ಮುದ್ರೆಯೇ ಇಲ್ಲದ ತಟ್ಟೆಯೂ ಬೇಕಾದಷ್ಟು ಹಳೆಯದಿರಬಹುದು. ಅಂಥದ್ದರಲ್ಲಿ ತಳದ ಉಂಗುರದ ಸವೆತ, ಮೆರುಗಿನ ಬಣ್ಣ, ಕೈಯಲ್ಲಿ ಬರೆದ ವಿನ್ಯಾಸದ ಸಂಖ್ಯೆ ನೋಡಿ ತೂಗಬೇಕಾಗುತ್ತದೆ. ತಳದಲ್ಲಿ ಹೊಲಿಗೆಯಂತೆ ಲೋಹದ ಕೊಂಡಿಗಳಿದ್ದರೆ, ಅಂಟು ಬರುವ ಮೊದಲು ಒಡೆದ ತಟ್ಟೆಗೆ ಸಣ್ಣ ತೂತು ಕೊರೆದು ಕೊಂಡಿ ಹಾಕಿ ಬಿಗಿದ ಕೆಲಸ ಅದು. ಬೆಲೆ ಇಳಿಯುತ್ತದೆ, ನಿಜ. ಆದರೂ ಒಡೆದದ್ದನ್ನು ಎಸೆಯದೆ ಇಷ್ಟು ಶ್ರಮಪಟ್ಟು ಉಳಿಸಿಕೊಂಡ ಮನೆಯೊಂದರ ಗುರುತನ್ನು ಬಿಚ್ಚಿ ತೆಗೆಯದಿರುವುದೇ ಲೇಸು.

ಬಳಸುವ ಮಾತು. ಬಳಸಬೇಕು ಎಂಬುದೇ ಈ ಲೇಖನದ ಪಕ್ಷ. ಹೊಗೆಯಾಡುವ ಅಕ್ಕಿ ರೊಟ್ಟಿ, ಕಡುಬು, ಕಾಯಿ ಚಟ್ನಿ ನೀಲಿ ಅಂಚಿನ ಬಿಳಿ ತಟ್ಟೆಯ ಮೇಲೆ ಎಷ್ಟು ಚೆಂದ ಕೂರುತ್ತವೆಂದು ಒಮ್ಮೆ ಬಡಿಸಿ ನೋಡಿದವರಿಗೆ ಗೊತ್ತು. ಮಾಂಸದ ಹರಿವಾಣ ನಮ್ಮ ಕೋಳಿ ಪಲ್ಯಕ್ಕೂ ಒದಗುತ್ತದೆ. ಸಾಸರಿಗೆ ಸುರಿದು ಕುಡಿಯುವುದು ಒರಟುತನವೆಂದು ಅಂಜಬೇಕಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲಿಷರೂ ಆಳವಾದ ಸಾಸರಿಗೆ ಟೀ ಸುರಿದು ಆರಿಸಿಕೊಂಡು ಕುಡಿಯುತ್ತಿದ್ದರು. ಆ ಕಾಲದ ಸಾಸರುಗಳು ಸಣ್ಣ ಬಟ್ಟಲಿನಷ್ಟು ಆಳ ಇರುವುದು ಅದಕ್ಕೇ. ಆಗಿನ ಕೆಲವು ಸೆಟ್ಟುಗಳಲ್ಲಿ ಟೀ ಕಪ್ಪು, ನೆಟ್ಟಗಿನ ಕೊಳವೆಯಾಕಾರದ ಕಾಫಿ ಕಪ್ಪು ಎರಡಕ್ಕೂ ಸೇರಿ ಸಾಸರು ಒಂದೇ, ಎರಡನ್ನೂ ಒಟ್ಟಿಗೆ ಕುಡಿಯುವವರಿಲ್ಲವೆಂಬ ಲೆಕ್ಕದಲ್ಲಿ. ಆ ಕಾಫಿ ಕಪ್ಪಿನ ಅಳತೆ ನಮ್ಮ ಗಟ್ಟಿ ಡಿಕಾಕ್ಷನ್ನಿಗೆ ಹೇಳಿ ಮಾಡಿಸಿದಂತಿದೆ.

ಎಚ್ಚರ ಬೇಕಾದದ್ದು ಸೀಸದ ವಿಷಯದಲ್ಲಿ. ಹಳೆಯ ಮೆರುಗಿನಲ್ಲಿ ಸೀಸ ಇರುತ್ತಿತ್ತು. ಅದೇ ಸೀಸ ಕಾರ್ಖಾನೆಗಳ ಕೆಲಸಗಾರರನ್ನು ರೋಗಕ್ಕೆ ತಳ್ಳಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸರ್ಕಾರ ನಿಯಮ ಬಿಗಿಗೊಳಿಸಬೇಕಾಯಿತು. ಮೆರುಗಿನ ಮೇಲೆ ಹಚ್ಚಿದ ಕೆಂಪು, ಹಳದಿ, ಹಸಿರು ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಎರಡೂ ಇರಬಹುದು. ಹುಳಿ ತಾಗಿದರೆ, ಹೊತ್ತು ಹೆಚ್ಚಾದರೆ ಅವು ಊಟಕ್ಕೆ ಬಿಡುತ್ತವೆ. ನಮ್ಮ ಅಡಿಗೆಯಲ್ಲಿ ಹುಳಿಗೆ ಬರವೇ ಇಲ್ಲ: ಹುಣಿಸೆ, ಅಮಟೆಕಾಯಿ, ನಿಂಬೆ, ಮಜ್ಜಿಗೆ, ಉಪ್ಪಿನಕಾಯಿ. ಆದ್ದರಿಂದ ಹಳೆಯ ಬೋಗುಣಿಯಲ್ಲಿ ಸಾರು, ಮೊಸರು, ಉಪ್ಪಿನಕಾಯಿ ತುಂಬಿಡಬಾರದು. ಬೆರಳು ಸವರಿದಾಗ ಉಬ್ಬಾಗಿ ತಾಗುವ ಬಣ್ಣ ತಟ್ಟೆಯ ನಡುಭಾಗದಲ್ಲಿದ್ದರೆ, ಮೆರುಗು ಜೇಡರ ಬಲೆಯಂತೆ ಸೀಳಿದ್ದರೆ, ಬಣ್ಣ ಸವೆದಿದ್ದರೆ ಅದು ಗೋಡೆಗೆ ಮಾತ್ರ. ಮೆರುಗು ಗಟ್ಟಿಯಾಗಿದ್ದು ಚಿತ್ರ ಅಂಚಿನಲ್ಲಷ್ಟೇ ಇರುವ ತಟ್ಟೆಯಲ್ಲಿ ರೊಟ್ಟಿ, ಕೇಕು, ಹಣ್ಣು ಯಾವಾಗಲಾದರೊಮ್ಮೆ ಬಡಿಸಬಹುದು. ಮಕ್ಕಳಿಗೆ, ಬಸುರಿಯರಿಗೆ ಬೇರೆ ತಟ್ಟೆಯೇ ಒಳ್ಳೆಯದು.

ಉಳಿದದ್ದು ಕೈಯ ಅಭ್ಯಾಸ. ಚಿನ್ನದ ಗೆರೆ ಇರುವ ಕಪ್ಪು ಮೈಕ್ರೋವೇವಿಗೆ ಹೋದರೆ ಕಿಡಿ ಹಾರುತ್ತದೆ, ಪಾತ್ರೆ ತೊಳೆಯುವ ಯಂತ್ರಕ್ಕೆ ಹೋದರೆ ಚಿನ್ನವೇ ಹೋಗುತ್ತದೆ. ಕಬ್ಬಿಣದ ನಾರು, ಸಬೀನಾ ಪುಡಿ, ಬ್ಲೀಚು ಮೂರೂ ದೂರ. ಪ್ಲಾಸ್ಟಿಕ್ ಟಬ್ಬಿನಲ್ಲಿ ಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆ ಬಟ್ಟೆ, ಒಂದೊಂದನ್ನೇ ತೊಳೆಯಬೇಕು. ಜುಲೈ ತಿಂಗಳ ಚಳಿಯಲ್ಲಿ ತಣ್ಣಗಿರುವ ಕಪ್ಪಿಗೆ ಕುದಿಯುವ ಕಾಫಿ ಸುರಿಯುವ ಮುನ್ನ ಬಿಸಿನೀರಲ್ಲಿ ಒಮ್ಮೆ ಜಾಲಿಸಬೇಕು. ಕಪ್ಪನ್ನು ಕಿವಿ ಹಿಡಿದು ನೇತುಹಾಕುವುದು, ಒಂದರೊಳಗೊಂದು ಪೇರಿಸುವುದು ಬೇಡ. ತಟ್ಟೆಗಳ ನಡುವೆ ಹತ್ತಿಬಟ್ಟೆಯ ಚೌಕ ಇಟ್ಟರೆ ಕೆಳಗಿನದರ ಚಿತ್ರವನ್ನು ಮೇಲಿನದರ ತಳ ಗೀರುವುದಿಲ್ಲ.

ಕೊಳ್ಳಲು ಹೊರಡುವವರಿಗೆ ಬೆಂಗಳೂರಿನ ಚಿಕ್ಕಪೇಟೆಯ ಸಂಡೇ ಬಜಾರಿದೆ, ಚೆನ್ನೈಯ ಹಳೆಯ ಹರಾಜು ಮನೆಗಳಿವೆ. ನೋಡಿ ಕಣ್ಣು ಪಳಗಿಸಿಕೊಳ್ಳಲು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಯುರೋಪಿಯನ್ ಪಿಂಗಾಣಿಯಷ್ಟು ಒಳ್ಳೆಯ ಪಾಠಶಾಲೆ ದಕ್ಷಿಣದಲ್ಲಿ ಸಿಗುವುದು ಕಷ್ಟ. ಗುಲಾಬಿ ಹೂವಿನ ‘ಓಲ್ಡ್ ಕಂಟ್ರಿ ರೋಸಸ್’ ಸೆಟ್ಟನ್ನು ಪುರಾತನವೆಂದು ತೋರಿಸುವವರೂ ಎದುರಾಗಬಹುದು. ರಾಯಲ್ ಆಲ್ಬರ್ಟ್ ಅದನ್ನು ತಂದದ್ದು 1962ರಲ್ಲಿ. ಸ್ಪೋಡ್ ಮತ್ತು ರಾಯಲ್ ವೂಸ್ಟರ್ 2008ರ ನವೆಂಬರಿನಲ್ಲಿ, ವೆಜ್‌ವುಡ್ 2009ರ ಜನವರಿಯಲ್ಲಿ ದಿವಾಳಿಯ ಅಂಚಿಗೆ ಬಂದು ಕೈಬದಲಾದವು. ಒಂದು ಕಾಲಕ್ಕೆ ಎರಡು ಸಾವಿರಕ್ಕೂ ಹೆಚ್ಚು ಶೀಶೆಯಾಕಾರದ ಭಟ್ಟಿಗಳು ಹೊಗೆಯುಗುಳುತ್ತಿದ್ದ ಸ್ಟೋಕ್ ಪ್ರದೇಶದಲ್ಲಿ ಈಗ ಉಳಿದವು ಐವತ್ತಕ್ಕಿಂತ ಕಡಿಮೆ.

ಕಾನೂನಿನ ಮಾತೂ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕಲಾವಸ್ತು ಪ್ರಾಚ್ಯವಸ್ತುವಾಗಬಹುದು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತಿಲ್ಲ. ಅಜ್ಜಿಯ ಟೀ ಸೆಟ್ಟನ್ನು ಅಮೆರಿಕದ ಮಗಳ ಮನೆಗೆ ಕಳಿಸುವವರು ಅದು ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಇಲಾಖೆಯಿಂದ ಮೊದಲೇ ಪಡೆದಿರುವುದು ಕ್ಷೇಮ. ಮನೆಯಲ್ಲೇ ಇಟ್ಟುಕೊಳ್ಳುವವರು ಮಾಡಬೇಕಾದ ಕೆಲಸ ಇನ್ನೊಂದಿದೆ: ಪ್ರತಿಯೊಂದು ಬಗೆಯ ತಟ್ಟೆಯ ಮುಖ ಮತ್ತು ತಳದ ಫೋಟೋ, ವಿನ್ಯಾಸದ ಸಂಖ್ಯೆ, ಯಾವ ತೋಟದ ಬಂಗಲೆಯಿಂದ, ಯಾವ ವರ್ಷ, ಯಾರ ಕೈಯಿಂದ ಬಂತು ಎಂಬ ನಾಲ್ಕು ಸಾಲು ಒಂದು ನೋಟ್‌ಬುಕ್ಕಿನಲ್ಲಿ. ಹಿರಿಯರು ಇರುವಾಗಲೇ ಕೇಳಿ ಬರೆಯಬೇಕಾದ ಸಾಲುಗಳವು. ಆ ವಿನ್ಯಾಸದ ಸಂಖ್ಯೆ ಕೈಯಲ್ಲಿದ್ದರೆ, ಹನ್ನೆರಡರಲ್ಲಿ ಏಳೇ ಉಳಿದ ಸೆಟ್ಟಿಗೆ ಬೇಕಾದ ಐದು ತಟ್ಟೆಗಳನ್ನೂ ಹುಡುಕಿ ತರಿಸಬಹುದು.